ರಿಯಾಕ್ಟ್ ದಾಟಿದ ಗೆರೆ

2025ರ ಡಿಸೆಂಬರ್ 5, ಶುಕ್ರವಾರ. ಷೇರುಪೇಟೆಯ ಅಂದಿನ ವಹಿವಾಟು ಮುಗಿಯಲು ಇನ್ನೂ ಒಂದು ಗಂಟೆಗೂ ಮಿಕ್ಕಿ ಸಮಯವಿತ್ತು. ಮಧ್ಯಾಹ್ನ 2 ಗಂಟೆ 17 ನಿಮಿಷದ ನಂತರ ಬೆಂಗಳೂರಿನ ಜೆರೋಧಾ ಕಂಪನಿಯ ಷೇರು ವಹಿವಾಟಿನ ಆ್ಯಪ್ ಕೈಟ್ ತೆರೆಯಲು ಹೋದವರಿಗೆ ಷೇರಿನ ಬೆಲೆ ಕಾಣಲಿಲ್ಲ, ದೋಷದ ಸಂದೇಶ ಕಂಡಿತು. ಅಂಥದೇ ಇನ್ನೊಂದು ಆ್ಯಪ್ ಗ್ರೋ ಬಳಸುವವರ ಪಾಡೂ ಅದೇ. ಕೊಂಡದ್ದನ್ನು ಮಾರಬೇಕೆಂದಿದ್ದವರು ಪರದೆಯನ್ನು ಮತ್ತೆ ಮತ್ತೆ ಎಳೆದು ನೋಡಿದರು. ಸದ್ಯಕ್ಕೆ ವಾಟ್ಸ್‌ಆ್ಯಪ್ ಮೂಲಕ ವ್ಯವಹಾರ ನೋಡಿಕೊಳ್ಳಿ ಎಂದು ಜೆರೋಧಾ ತನ್ನ ಗ್ರಾಹಕರಿಗೆ ಹೇಳಿತು. 25 ನಿಮಿಷ ಕಳೆದ ಮೇಲೆ ಎಲ್ಲವೂ ತಾನಾಗಿಯೇ ಸರಿಯಾಯಿತು.

ಕೈಕೊಟ್ಟದ್ದು ಜೆರೋಧಾ ಅಲ್ಲ, ಗ್ರೋ ಕೂಡ ಅಲ್ಲ. ಜಗತ್ತಿನ ಅಸಂಖ್ಯ ಜಾಲತಾಣಗಳ ಮುಂದೆ ಕಾವಲು ನಿಂತಿರುವ ಕ್ಲೌಡ್‌ಫ್ಲೇರ್. ಅದರ ಮೂಲಕ ಸಾಗುವ ವೆಬ್ ಸಂಚಾರದಲ್ಲಿ ಶೇ 28ರಷ್ಟಕ್ಕೆ ಪೆಟ್ಟು ಬಿತ್ತು. ಯಾರೋ ದಾಳಿ ಮಾಡಿದ್ದರಿಂದ ಹೀಗಾಯಿತೇ? ಇಲ್ಲ. ದಾಳಿಯಿಂದ ಗ್ರಾಹಕರನ್ನು ಕಾಪಾಡಲು ಕಂಪನಿ ತಾನೇ ಅವಸರದಲ್ಲಿ ಮಾಡಿದ ಬದಲಾವಣೆಯೊಂದು ಎಡವಟ್ಟಾಗಿತ್ತು. ಆ ಅವಸರಕ್ಕೆ ಕಾರಣ ಎರಡು ದಿನ ಹಿಂದೆ ಬಯಲಾಗಿದ್ದ ಒಂದು ರಂಧ್ರ. ರಂಧ್ರವಿದ್ದದ್ದು ರಿಯಾಕ್ಟ್‌ನಲ್ಲಿ. ಅಂದು ನಿಂತುಹೋದ ತಾಣ ರಿಯಾಕ್ಟ್ ಬಳಸುತ್ತಿತ್ತೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ವೆಬ್ ಪುಟದ ಗುಂಡಿ, ಪಟ್ಟಿ, ಅರ್ಜಿ ನಮೂನೆಗಳನ್ನು ಪರದೆಯ ಮೇಲೆ ಮೂಡಿಸಲೆಂದು ಹುಟ್ಟಿದ ಸಲಕರಣೆ ರಿಯಾಕ್ಟ್. ಡೆವಲಪರ್‌ಗಳು ಇದನ್ನು ಫ್ರಂಟ್ ಎಂಡ್ ಫ್ರೇಮ್‌ವರ್ಕ್ ಎಂದು ಕರೆಯುತ್ತಾರೆ. ಲೈಬ್ರರಿ ಎನ್ನಬೇಕು, ಫ್ರೇಮ್‌ವರ್ಕ್ ಎನ್ನಬಾರದು ಎಂದು ತಗಾದೆ ತೆಗೆಯುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ. ಪರದೆಗೆ ಬಣ್ಣ ಬಳಿಯುವ ಸಲಕರಣೆಯ ತಪ್ಪು ಸರ್ವರ್ ಯಂತ್ರದ ಬೀಗದ ಕೈಯನ್ನೇ ಅಪರಿಚಿತನಿಗೆ ಒಪ್ಪಿಸುವ ಮಟ್ಟಕ್ಕೆ ಹೇಗೆ ಹೋಯಿತು ಎಂಬುದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಮಾರು 2011ರ ಹೊತ್ತಿಗೆ ಫೇಸ್‌ಬುಕ್ ಬಳಸಿದವರಿಗೆ ಒಂದು ಕಿರಿಕಿರಿ ನೆನಪಿರಬಹುದು. ಮೇಲಿನ ಪಟ್ಟಿಯಲ್ಲಿ ಹೊಸ ಸಂದೇಶವೊಂದು ಬಂದಿದೆ ಎಂದು ಕೆಂಪು ಅಂಕಿ ತೋರಿಸುತ್ತಿತ್ತು. ಒತ್ತಿ ನೋಡಿದರೆ ಅಲ್ಲಿ ಏನೂ ಇಲ್ಲ. ಅಂಕಿ ಮಾಯವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಎಂಜಿನಿಯರ್‌ಗಳು ಸರಿಪಡಿಸುತ್ತಿದ್ದರು, ಕೆಲವು ವಾರ ಬಿಟ್ಟು ಅದೇ ದೋಷ ಇನ್ನೊಂದು ದಾರಿಯಲ್ಲಿ ಬಂದು ಕೂರುತ್ತಿತ್ತು. ಒಂದೇ ಸಂಗತಿಯನ್ನು ಪುಟದ ಮೂರು ನಾಲ್ಕು ಕಡೆ ತೋರಿಸಬೇಕಿತ್ತು. ಒಂದೊಂದು ಕಡೆಯನ್ನೂ ಬೇರೆ ಬೇರೆ ಕೋಡ್ ತಿದ್ದುತ್ತಿತ್ತು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಮುಗಿಯಿತು. ರಿಯಾಕ್ಟ್‌ನಂಥದ್ದು ಯಾಕೆ ಬೇಕು ಎಂದು ವಿವರಿಸುವಾಗ ಫೇಸ್‌ಬುಕ್‌ನವರು ಮುಂದೆ ಇದೇ ಉದಾಹರಣೆ ಕೊಟ್ಟರು.

ಅಲ್ಲಿನ ಎಂಜಿನಿಯರ್ ಜೋರ್ಡನ್ ವಾಕ್ ಹೂಡಿದ ಉಪಾಯ ಮೇಲ್ನೋಟಕ್ಕೆ ಸೋಮಾರಿತನದ್ದು. ಪುಟದ ಯಾವ ಮೂಲೆಯನ್ನು ತಿದ್ದಬೇಕು ಎಂದು ತಲೆಕೆಡಿಸಿಕೊಳ್ಳುವುದೇ ಬೇಡ. ಮಾಹಿತಿ ಬದಲಾದಾಗಲೆಲ್ಲ ಇಡೀ ಪುಟ ಹೇಗಿರಬೇಕು ಎಂದು ಮೊದಲಿನಿಂದ ಹೇಳಿಬಿಡಿ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಹುಡುಕಿ ಅಷ್ಟನ್ನು ಮಾತ್ರ ಪರದೆಯಲ್ಲಿ ಬದಲಿಸುವ ಕೆಲಸ ರಿಯಾಕ್ಟ್‌ನದು. 2013ರ ಮೇ ತಿಂಗಳಲ್ಲಿ ಅಮೆರಿಕದ ಜೆಎಸ್‌ಕಾನ್ಫ್ ಸಮಾವೇಶದಲ್ಲಿ ಇದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಾಗ ನೆರೆದವರು ಮೂಗು ಮುರಿದರು. ಜಾವಾಸ್ಕ್ರಿಪ್ಟ್ ಕೋಡ್‌ನ ನಡುವೆಯೇ ಎಚ್‌ಟಿಎಂಎಲ್‌ನಂಥ ಸಾಲುಗಳನ್ನು ಬರೆಯುವ ಜೆಎಸ್‌ಎಕ್ಸ್ ಶೈಲಿ ಅವರಿಗೆ ಮೈಲಿಗೆ ಎನಿಸಿತ್ತು. ಆ ಶೈಲಿಯ ಮೂಲ ಫೇಸ್‌ಬುಕ್ 2010ರಲ್ಲಿ ಪಿಎಚ್‌ಪಿ ಭಾಷೆಗೆ ಜೋಡಿಸಿಕೊಂಡಿದ್ದ ಎಕ್ಸ್‌ಎಚ್‌ಪಿ. ಪಿಎಚ್‌ಪಿ ಓಡುವುದು ಸರ್ವರ್‌ನಲ್ಲಿ. ಅಂದರೆ ರಿಯಾಕ್ಟ್‌ನ ಬೇರು ಮೊದಲಿಂದಲೂ ಸರ್ವರ್ ಕಡೆಯ ಮಣ್ಣಿನಲ್ಲೇ ಇತ್ತು ಎನ್ನಬೇಕು.

ಮೂಗು ಮುರಿದವರೂ ಎರಡು ಮೂರು ವರ್ಷದಲ್ಲಿ ಅದನ್ನೇ ಅಪ್ಪಿಕೊಂಡರು. ಆದರೆ ಅಪ್ಪಿಕೊಂಡದ್ದರ ತೂಕ ಬಳಕೆದಾರನ ಫೋನಿನ ಮೇಲೆ ಬಿತ್ತು. ಮನೆಗೆ ಊಟ ತರಿಸಿದರೆ ಅದರ ಜೊತೆಗೆ ಒಲೆ, ಬಾಣಲೆ, ಅಡುಗೆ ಪುಸ್ತಕವೂ ಬಂದು ಇಳಿದ ಹಾಗೆ, ಪುಟದ ಜೊತೆ ಪುಟವನ್ನು ತಯಾರಿಸುವ ಕೋಡೂ ಫೋನಿಗೆ ಬರಬೇಕಿತ್ತು. ಅದು ಇಳಿದು, ಓಡಿ, ಆಮೇಲೆ ಗುಂಡಿಗೆ ಜೀವ ಬರಬೇಕು. ಆಫೀಸಿನ ದುಬಾರಿ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮ ಕಡೆಯ ಅಗ್ಗದ ಆ್ಯಂಡ್ರಾಯ್ಡ್ ಫೋನಿನಲ್ಲಿ ಗೊತ್ತಾಗದೆ ಇರುವುದಿಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲಿ ಮೊಬೈಲ್ ತಾಣವನ್ನು ಮುಚ್ಚಿ ಆ್ಯಪ್ ಒಂದೇ ಸಾಕು ಎಂದು ಹೊರಟು, ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹಗುರ ವೆಬ್‌ ತಾಣದೊಂದಿಗೆ ಮರಳಿತು. ಅದನ್ನು ನೋಡುತ್ತಿದ್ದವರಲ್ಲಿ ಶೇ 63 ಮಂದಿ 2ಜಿ ಸಂಪರ್ಕದಲ್ಲಿದ್ದರು ಎಂದು ಗೂಗಲ್ ಆಮೇಲೆ ಪ್ರಕಟಿಸಿತು. ಫ್ರಂಟ್ ಎಂಡ್ ಕೋಡಿನ ತೂಕ ಎಷ್ಟು ಎಂಬ ಪ್ರಶ್ನೆ ಇಲ್ಲಿ ವ್ಯಾಪಾರದ ಪ್ರಶ್ನೆಯೂ ಆಗಿತ್ತು.

ತೂಕ ಇಳಿಸುವ ದಾರಿಯೆಂದು ರಿಯಾಕ್ಟ್ ತಂಡ 2020ರ ಡಿಸೆಂಬರ್‌ನಲ್ಲಿ ಮುಂದಿಟ್ಟದ್ದು ಸರ್ವರ್ ಕಾಂಪೊನೆಂಟ್. ಪುಟದ ಕೆಲವು ಭಾಗಗಳು ಸರ್ವರ್‌ನಲ್ಲೇ ತಯಾರಾಗಲಿ, ಅವುಗಳ ಕೋಡ್ ಫೋನಿಗೆ ಹೋಗುವುದೇ ಬೇಡ, ಫಲಿತಾಂಶ ಮಾತ್ರ ಹೋಗಲಿ ಎಂಬ ಯೋಚನೆ. ಒಳ್ಳೆಯ ಯೋಚನೆಯೇ. ಅದರ ಕತೆಗೆ ಹೋಗುವ ಮುನ್ನ 2025ರ ಇನ್ನೊಂದು ಬೆಳವಣಿಗೆಯನ್ನು ನೋಡೋಣ. ರಿಯಾಕ್ಟ್ ಡೆವಲಪರ್‌ನಿಂದ ಏನನ್ನು ಮರೆಮಾಡಿದರೆ ಒಳ್ಳೆಯದು, ಏನನ್ನು ಮರೆಮಾಡಿದರೆ ಅಪಾಯ ಎಂಬ ವ್ಯತ್ಯಾಸ ಎರಡನ್ನೂ ಅಕ್ಕಪಕ್ಕ ಇಟ್ಟರೆ ಚೆನ್ನಾಗಿ ಕಾಣುತ್ತದೆ.

ಈ ಕತೆ ಶುರುವಾಗುವುದೂ ಕ್ಲೌಡ್‌ಫ್ಲೇರ್‌ನ ಒಂದು ಅವಘಡದಿಂದ. 2025ರ ಸೆಪ್ಟೆಂಬರ್ 12ರಂದು ಅದರ ಗ್ರಾಹಕರು ತಮ್ಮ ತಾಣಗಳನ್ನು ನಿರ್ವಹಿಸುವ ಡ್ಯಾಶ್‌ಬೋರ್ಡ್ ಒಂದು ಗಂಟೆಗೂ ಹೆಚ್ಚು ಹೊತ್ತು ಏರುಪೇರಾಯಿತು. ಕಂಪನಿ ಬಚ್ಚಿಡದೆ ಹೇಳಿಕೊಂಡ ಕಾರಣ ಇದು: ರಿಯಾಕ್ಟ್‌ನ ಯೂಸ್‌ಎಫೆಕ್ಟ್ ಎಂಬ ಸೌಲಭ್ಯಕ್ಕೆ ಕೊಟ್ಟ ಪಟ್ಟಿಯಲ್ಲಿ ಇರಬಾರದ ಒಂದು ವಸ್ತು ಸೇರಿಕೊಂಡಿತ್ತು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಿಯಾಕ್ಟ್‌ನಲ್ಲಿ ಪುಟದ ಒಂದೊಂದು ಭಾಗವೂ ಒಂದೊಂದು ಫಂಕ್ಷನ್. ಮಾಹಿತಿ ಬದಲಾದಾಗ ಆ ಫಂಕ್ಷನ್ ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓಡುತ್ತದೆ. ಅದರೊಳಗೆ ಬಳಕೆದಾರನ ಹೆಸರು, ಖಾತೆ ಸಂಖ್ಯೆ ಹಾಕಿ ಒಂದು ಆಬ್ಜೆಕ್ಟ್ ಕಟ್ಟಿದ್ದೀರಿ ಎನ್ನಿ. ಪ್ರತಿ ಸಲ ಓಡಿದಾಗಲೂ ಆ ಆಬ್ಜೆಕ್ಟ್ ಹೊಸದಾಗಿ ಹುಟ್ಟುತ್ತದೆ. ಒಳಗಿನ ಹೆಸರು ಅದೇ, ಸಂಖ್ಯೆ ಅದೇ. ಆದರೆ ಎರಡು ಆಬ್ಜೆಕ್ಟ್‌ಗಳು ಒಂದೇನಾ ಎಂದು ಕೇಳಿದರೆ ಜಾವಾಸ್ಕ್ರಿಪ್ಟ್ ಒಳಗಿರುವುದನ್ನು ನೋಡುವುದಿಲ್ಲ. ಅವು ಮೆಮೊರಿಯ ಒಂದೇ ಜಾಗದಲ್ಲಿವೆಯೇ ಎಂದಷ್ಟೇ ನೋಡುತ್ತದೆ. ಇಲ್ಲ, ಬೇರೆ ಬೇರೆ ಎನ್ನುತ್ತದೆ. 'ಈ ಪಟ್ಟಿಯಲ್ಲಿರುವುದು ಬದಲಾದರೆ ಮಾತ್ರ ಸರ್ವರ್‌ಗೆ ಕರೆ ಕಳಿಸು' ಎಂದು ಯೂಸ್‌ಎಫೆಕ್ಟ್‌ಗೆ ಹೇಳಿ, ಪಟ್ಟಿಯಲ್ಲಿ ಆ ಆಬ್ಜೆಕ್ಟ್ ಇಟ್ಟರೆ, ಅದು ಪ್ರತಿ ಸಲವೂ 'ಬದಲಾಗಿದೆ' ಎಂದೇ ತಿಳಿಯುತ್ತದೆ. ಒಂದು ಕರೆ ಹೋಗಬೇಕಾದಲ್ಲಿ ಹತ್ತಾರು ಹೋಗುತ್ತವೆ. ಕ್ಲೌಡ್‌ಫ್ಲೇರ್‌ನ ಸಾವಿರಾರು ಗ್ರಾಹಕರ ಬ್ರೌಸರ್‌ಗಳು ಕಂಪನಿಯ ಒಂದೇ ಸೇವೆಯನ್ನು ಹೀಗೆ ಪದೇ ಪದೇ ತಟ್ಟಿದವು. ಅದೇ ಹೊತ್ತಿಗೆ ಆ ಸೇವೆಯನ್ನೂ ಹೊಸ ಆವೃತ್ತಿಗೆ ಬದಲಿಸುತ್ತಿದ್ದರು. ಅದು ಕುಸಿಯಿತು. ಯಾರಿಗೆ ಯಾವ ಅನುಮತಿ ಇದೆ ಎಂದು ನೋಡುವ ಕೆಲಸವೂ ಅದರದೇ ಆಗಿದ್ದರಿಂದ ಉಳಿದ ಸೇವೆಗಳೂ ದೋಷ ತೋರಿಸತೊಡಗಿದವು.

2019ರ ಫೆಬ್ರುವರಿಯಲ್ಲಿ ಹುಕ್ಸ್ ಎಂಬ ಬರವಣಿಗೆಯ ಕ್ರಮ ಬಂದಂದಿನಿಂದ ರಿಯಾಕ್ಟ್ ಬರೆಯುವವರ ದಿನನಿತ್ಯದ ತಲೆನೋವು ಪಟ್ಟಿಯ ಈ ತೊಡಕು. ಪರಿಹಾರವೆಂದು ಯೂಸ್‌ಮೆಮೊ, ಯೂಸ್‌ಕಾಲ್‌ಬ್ಯಾಕ್ ಎಂಬ ಕವಚಗಳನ್ನು ಕೊಟ್ಟರು. 'ಹಳೆಯದನ್ನೇ ನೆನಪಿಟ್ಟುಕೋ, ಬೇಕಾದಾಗ ಮಾತ್ರ ಹೊಸದನ್ನು ಮಾಡು' ಎಂದು ಹೇಳುವ ವಿಧಾನ. ಬರಬರುತ್ತ ಕೋಡಿನ ಅರ್ಧ ಭಾಗ ಈ ಕವಚಗಳೇ ಆದವು. ಬೇಕಾದ ಕಡೆ ಹಾಕದೆ ಬೇಡದ ಕಡೆ ಹಾಕುವವರೇ ಹೆಚ್ಚು. ಸಂದರ್ಶನಗಳಲ್ಲಿ ಕೆಲಸ ಕೇಳಿ ಬಂದ ಹುಡುಗರಿಗೆ ಇದೇ ಕಾಯಂ ಪ್ರಶ್ನೆಯಾಯಿತು. ಯಂತ್ರ ಮಾಡಬಹುದಾದ ಗುಮಾಸ್ತಗಿರಿಯನ್ನು ಮನುಷ್ಯರಿಂದ ಮಾಡಿಸಿ, ಅದನ್ನೇ ಪರಿಣತಿ ಎಂದು ಕರೆದ ಕಾಲ ಅದು ಎಂದು ನನ್ನ ಭಾವನೆ.

2025ರ ಅಕ್ಟೋಬರ್ 7ರಂದು ರಿಯಾಕ್ಟ್ ಕಂಪೈಲರ್‌ನ 1.0 ಆವೃತ್ತಿ ಬಂತು. ಈ ಗುಮಾಸ್ತಗಿರಿಯನ್ನು ಯಂತ್ರವೇ ವಹಿಸಿಕೊಂಡಿತು. ಡೆವಲಪರ್ ಕವಚಗಳಿಲ್ಲದೆ ಸರಳವಾಗಿ ಬರೆಯುತ್ತಾನೆ. ತಾಣವನ್ನು ಕಟ್ಟುವ ಹಂತದಲ್ಲಿ ಕಂಪೈಲರ್ ಕೋಡನ್ನು ಓದಿ, ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಲೆಕ್ಕಹಾಕಿ, ನೆನಪಿಡಬೇಕಾದ ಕಡೆ ತಾನೇ ಏರ್ಪಾಡು ಮಾಡುತ್ತದೆ. ದಿಢೀರನೆ ಹೊಳೆದ ಯೋಚನೆಯಲ್ಲ ಇದು. 2017ರ ಪ್ರೀಪ್ಯಾಕ್ ಎಂಬ ಪ್ರಯೋಗ ಬದಿಗೆ ಸರಿಯಿತು. 2021ರ ರಿಯಾಕ್ಟ್ ಸಮಾವೇಶದಲ್ಲಿ 'ರಿಯಾಕ್ಟ್ ಫರ್ಗೆಟ್' ಎಂಬ ಹೆಸರಿನಲ್ಲಿ ಮೊದಲ ಮಾದರಿ ತೋರಿಸಿದರು. ಅದನ್ನೂ ಮತ್ತೆ ಕಟ್ಟಿದರು. ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯ ಕ್ವೆಸ್ಟ್ ಸ್ಟೋರ್‌ನಲ್ಲಿ ಪುಟ ತೆರೆಯುವ ವೇಗ ಶೇ 12ರವರೆಗೆ ಸುಧಾರಿಸಿತು, ಕೆಲವು ಕಡೆ ಒತ್ತಿದ್ದಕ್ಕೆ ಪ್ರತಿಕ್ರಿಯೆ ಎರಡೂವರೆ ಪಟ್ಟಿಗಿಂತ ಹೆಚ್ಚು ಚುರುಕಾಯಿತು ಎಂದು ತಂಡ ಹೇಳಿದೆ. 17ನೇ ಆವೃತ್ತಿಯ ಹಳೆಯ ರಿಯಾಕ್ಟ್‌ನಲ್ಲೂ ಇದು ನಡೆಯುತ್ತದೆ ಎಂಬುದು, ನಾಲ್ಕೈದು ವರ್ಷದ ಹಿಂದೆ ಬರೆದ ಕೋಡನ್ನು ಹೊತ್ತು ತಿರುಗುವ ನಮ್ಮ ಸರ್ವಿಸ್ ಕಂಪನಿಗಳಿಗೆ ಅಂಕಿಗಳಿಗಿಂತ ದೊಡ್ಡ ಸುದ್ದಿ.

ಸೆಪ್ಟೆಂಬರ್‌ನಂಥ ತಪ್ಪುಗಳೆಲ್ಲ ಇನ್ನು ಆಗುವುದೇ ಇಲ್ಲ ಎಂದು ಹೇಳುವಂತಿಲ್ಲ. ಯೂಸ್‌ಎಫೆಕ್ಟ್ ಬಳಸಬಾರದ ಕಡೆ ಬಳಸುವವರನ್ನು ಯಾವ ಕಂಪೈಲರೂ ತಡೆಯಲಾರದು. ಅದಕ್ಕೆಂದು ಅಕ್ಟೋಬರ್‌ನ ಮೊದಲ ದಿನ ಬಂದ 19.2 ಆವೃತ್ತಿಯಲ್ಲಿ ಯೂಸ್‌ಎಫೆಕ್ಟ್‌ಇವೆಂಟ್ ಎಂಬ ಇನ್ನೊಂದು ಹುಕ್ ಸೇರಿಸಿದ್ದಾರೆ. ಅಲ್ಲಿಗೆ ಕಲಿಯಬೇಕಾದ ಪಟ್ಟಿ ಇನ್ನೂ ಒಂದು ಗೇಣು ಉದ್ದವಾಯಿತು.

ಆದರೂ ಕಂಪೈಲರ್‌ನ ಬಗ್ಗೆ ನನಗೆ ಅಳುಕಿಲ್ಲ. ಅದು ಮರೆಮಾಡುವುದು ಬೇಸರದ ಕೆಲಸವನ್ನು. ಕೋಡ್ ನಿಯಮ ಮೀರಿದೆ ಎಂದು ಕಂಡುಕೊಂಡ ಭಾಗವನ್ನು ಅದು ಮುಟ್ಟದೆ ಹಾಗೇ ಬಿಡುತ್ತದೆ. ಎಲ್ಲೋ ತಪ್ಪಿತು ಎಂದರೂ ಸಾಮಾನ್ಯವಾಗಿ ಪುಟ ನಿಧಾನವಾಗುತ್ತದೆ ಅಥವಾ ಹಳೆಯ ಅಂಕಿ ತೋರಿಸುತ್ತದೆ. ಅದು ನಮ್ಮದೇ ಪರದೆಯಲ್ಲಿ ಕಾಣುತ್ತದೆ, ಸಿಕ್ಕಿಬೀಳುತ್ತದೆ. ಸರ್ವರ್ ಕಡೆ ರಿಯಾಕ್ಟ್ ಮರೆಮಾಡಿದ್ದು ಬೇರೆಯದೇ ಬಗೆಯದನ್ನು.

2023ರ ಅಕ್ಟೋಬರ್‌ನಲ್ಲಿ ನಡೆದ ನೆಕ್ಸ್ಟ್.ಜೆಎಸ್ ಸಮಾವೇಶದ ಒಂದು ಸ್ಲೈಡ್ ಡೆವಲಪರ್‌ಗಳ ವಲಯದಲ್ಲಿ ಬಹಳ ದಿನ ನಗೆಯ ವಸ್ತುವಾಗಿತ್ತು. ರಿಯಾಕ್ಟ್‌ನ ಮೇಲೆ ಕಟ್ಟಿದ ನೆಕ್ಸ್ಟ್.ಜೆಎಸ್, ವರ್ಸೆಲ್ ಎಂಬ ಕಂಪನಿಯದು. ಸರ್ವರ್ ಕಾಂಪೊನೆಂಟ್‌ಗಳನ್ನು ಮೊದಲು ದೊಡ್ಡ ಮಟ್ಟದಲ್ಲಿ ಬಳಕೆಗೆ ತಂದದ್ದೂ ಅದೇ. ಆ ಸ್ಲೈಡ್‌ನಲ್ಲಿ ಒಂದು ಗುಂಡಿ. ಗುಂಡಿಯ ವಿವರಣೆಯೊಳಗೇ 'ಯೂಸ್ ಸರ್ವರ್' ಎಂಬ ಒಂದು ಸಾಲು. ಅದರ ಕೆಳಗೆ ನೇರವಾಗಿ ಡೇಟಾಬೇಸ್‌ಗೆ ದಾಖಲೆ ಸೇರಿಸುವ ಎಸ್‌ಕ್ಯುಎಲ್ ಆದೇಶ. ಗುಂಡಿ ಇರುವುದು ಬಳಕೆದಾರನ ಫೋನಿನಲ್ಲಿ, ಆದೇಶ ಓಡುವುದು ಕಂಪನಿಯ ಸರ್ವರ್‌ನಲ್ಲಿ. ಬರೆದದ್ದು ಮಾತ್ರ ಒಂದರ ಹೊಟ್ಟೆಯೊಳಗೆ ಇನ್ನೊಂದನ್ನಿಟ್ಟು. ಇಪ್ಪತ್ತು ವರ್ಷ ತಿರುಗಾಡಿ ಮತ್ತೆ ಪಿಎಚ್‌ಪಿಗೇ ಬಂದಿರಲ್ಲ ಎಂದು ಹಳಬರು ಕಿಚಾಯಿಸಿದರು. ಸ್ಲೈಡ್‌ನಲ್ಲಿದ್ದ ಆ ಎಸ್‌ಕ್ಯುಎಲ್ ಸಾಲು ನೋಡಿದಷ್ಟು ಅಪಾಯಕಾರಿಯೇನೂ ಆಗಿರಲಿಲ್ಲ. ಆದರೆ ಫೋನಿಗೂ ಸರ್ವರ್‌ಗೂ ನಡುವೆ ಕಣ್ಣಿಗೆ ಕಾಣದೆ ಹೋದ ಗೆರೆಯ ಬಗ್ಗೆ ಜನರಿಗಿದ್ದ ಕಸಿವಿಸಿ ಸುಳ್ಳಾಗಿರಲಿಲ್ಲ.

ವೆಬ್ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠವೊಂದಿದೆ: ಬ್ರೌಸರ್‌ನಿಂದ ಬಂದದ್ದನ್ನು ನಂಬಬೇಡ. ಅದು ನಿಮ್ಮ ಪುಟದಿಂದಲೇ ಬಂತೋ, ಯಾರೋ ಕೂತು ಕೈಯಾರೆ ಹೆಣೆದು ಕಳಿಸಿದರೋ ಗೊತ್ತಾಗುವುದಿಲ್ಲ. ಹಿಂದೆ ಈ ಪಾಠ ಮರೆಯುವುದು ಕಷ್ಟವಿತ್ತು. ಸರ್ವರ್‌ಗೊಂದು ವಿಳಾಸ ಬರೆಯಬೇಕು, ಬಂದ ಮಾಹಿತಿಯನ್ನು ಬಿಡಿಸಬೇಕು, ಒಂದೊಂದನ್ನೂ ಪರೀಕ್ಷಿಸಬೇಕು. ಬೇರೆ ಫೈಲು, ಹಲವು ಕಡೆ ಬೇರೆ ತಂಡವೇ. ಆ ತೊಡಕೇ ಎಚ್ಚರಿಕೆಯ ಫಲಕವಾಗಿತ್ತು. ಒಂದು ಫಂಕ್ಷನ್ ಕರೆದಷ್ಟು ಸಲೀಸಾಗಿ ಸರ್ವರ್ ಸಿಗುವಾಗ ಫಲಕವೂ ಹೋಯಿತು. ಫಂಕ್ಷನ್ ಕರೆಯುವವನು ತನ್ನದೇ ಕೋಡನ್ನು ಅನುಮಾನಿಸುತ್ತ ಕೂರುವುದಿಲ್ಲ.

ಇಷ್ಟು ಸಲೀಸಾಗಲು ಒಳಗೊಂದು ರವಾನೆಯ ವ್ಯವಸ್ಥೆ ಬೇಕಲ್ಲವೇ? ಅದರ ಹೆಸರು ಫ್ಲೈಟ್. ಸಾಮಾನ್ಯವಾಗಿ ತಾಣಗಳು ಮಾಹಿತಿ ಸಾಗಿಸುವ ಜೇಸನ್ ರೂಪದಲ್ಲಿ ಅಕ್ಷರ, ಅಂಕಿ, ಪಟ್ಟಿಗಳಂಥ ಸರಳ ಮಾಹಿತಿಯನ್ನಷ್ಟೇ ಕಳಿಸಬಹುದು. ರಿಯಾಕ್ಟ್‌ಗೆ ಅದು ಸಾಲದು. ಇನ್ನೂ ಪೂರ್ತಿಯಾಗದ ಕೆಲಸ, ಸರ್ವರ್‌ನಲ್ಲಿರುವ ಫಂಕ್ಷನ್‌ನ ಗುರುತು, ಒಂದು ತುಣುಕಿನಿಂದ ಇನ್ನೊಂದು ತುಣುಕಿಗೆ ಕೈತೋರಿಸುವ ಕೊಂಡಿ, ಎಲ್ಲವನ್ನೂ ಫ್ಲೈಟ್ ಹೊರುತ್ತದೆ. ಡಾಲರ್ ಚಿಹ್ನೆಯೊಂದಿಗೆ ಶುರುವಾಗುವ ಕೊಂಡಿಗೆ 'ಒಂದನೇ ತುಣುಕಿನೊಳಗೆ ಈ ಹೆಸರಿನದ್ದನ್ನು ನೋಡು, ಅದರೊಳಗೆ ಈ ಹೆಸರಿನದ್ದನ್ನು ನೋಡು' ಎಂಬರ್ಥ. ಸರ್ವರ್ ಆ ದಾರಿ ಹಿಡಿದು ಹೋಗಿ ಸಿಕ್ಕಿದ್ದನ್ನು ತಂದು ಜೋಡಿಸುತ್ತದೆ.

ರಂಧ್ರವಿದ್ದದ್ದು ಇಲ್ಲೇ. ಜಾವಾಸ್ಕ್ರಿಪ್ಟ್‌ನ ಯಾವ ವಸ್ತುವಿನಲ್ಲೂ ನಾವು ಇಟ್ಟದ್ದರ ಜೊತೆಗೆ ಹುಟ್ಟಿನಿಂದ ಬಂದ ಕೆಲವು ಗುಣಗಳಿರುತ್ತವೆ. ಕನ್‌ಸ್ಟ್ರಕ್ಟರ್ ಅಂಥ ಒಂದು ಹೆಸರು. ಈ ವಸ್ತುವನ್ನು ಕಟ್ಟಿದ ಫಂಕ್ಷನ್ ಯಾವುದು ಎಂದು ಅದು ತೋರಿಸುತ್ತದೆ. ಆ ಫಂಕ್ಷನ್‌ನ ಕನ್‌ಸ್ಟ್ರಕ್ಟರ್ ಯಾವುದು ಎಂದು ಇನ್ನೊಂದು ಮೆಟ್ಟಿಲು ಹತ್ತಿದರೆ ಸಿಗುವುದು, ಕೊಟ್ಟ ಅಕ್ಷರಗಳನ್ನೇ ಕೋಡಾಗಿ ಪರಿವರ್ತಿಸಬಲ್ಲ ಸಾಧನ. ಅಪರಿಚಿತ ಕಳಿಸಿದ ಕೊಂಡಿಯಲ್ಲಿ ಈ ಹೆಸರುಗಳಿದ್ದರೆ ಫ್ಲೈಟ್ ಅವನ್ನೂ ಹಿಡಿದು ಹತ್ತುತ್ತಿತ್ತು. 'ಈ ಹೆಸರು ಆ ವಸ್ತುವಿನ ಸ್ವಂತದ್ದೇ, ಹುಟ್ಟಿನಿಂದ ಬಂದದ್ದೇ' ಎಂದು ಅದು ಕೇಳುತ್ತಿರಲಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಪ್ರಶ್ನೆ ಕೇಳಲು ಬಹಳ ಹಿಂದಿನಿಂದ ಇರುವ ಹ್ಯಾಸ್‌ಓನ್‌ಪ್ರಾಪರ್ಟಿ ಎಂಬ ಸಾಧಾರಣ ಸೌಲಭ್ಯ ಸಾಕು. ತಿದ್ದುಪಡಿಯ ತಿರುಳೂ ಅದೇ ಆಯಿತು.

ಲ್ಯಾಕ್ಲನ್ ಡೇವಿಡ್ಸನ್ ಎಂಬ ಭದ್ರತಾ ಸಂಶೋಧಕರು ಇದನ್ನು ಮೆಟಾ ಕಂಪನಿಗೆ ತಿಳಿಸಿದ್ದು 2025ರ ನವೆಂಬರ್ 29ರಂದು. ಮರುದಿನ ಕಂಪನಿ ದೃಢಪಡಿಸಿಕೊಂಡಿತು. ಡಿಸೆಂಬರ್ 3ರಂದು ತಿದ್ದಿದ ಆವೃತ್ತಿಗಳೂ ಎಚ್ಚರಿಕೆಯೂ ಒಟ್ಟಿಗೆ ಹೊರಬಿದ್ದವು. ಸಿವಿಇ-2025-55182 ಎಂಬ ಸಂಖ್ಯೆ, ತೀವ್ರತೆಯ ಅಳತೆಯಲ್ಲಿ 10ಕ್ಕೆ 10 ಅಂಕ. 2021ರ ಕುಖ್ಯಾತ ಲಾಗ್‌ಫೋರ್‌ಶೆಲ್ ರಂಧ್ರ ನೆನಪಾಗುವ ಹಾಗೆ ಇದಕ್ಕೆ ರಿಯಾಕ್ಟ್‌ಟುಶೆಲ್ ಎಂಬ ಅಡ್ಡಹೆಸರು ಬಿತ್ತು. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ; ಹೆಣೆದು ಕಳಿಸಿದ ಒಂದು ಮನವಿ ಸಾಕು, ದೂರದಲ್ಲಿ ಕೂತವನು ಆ ಸರ್ವರ್‌ನಲ್ಲಿ ತನಗೆ ಬೇಕಾದ ಕೋಡ್ ಓಡಿಸಬಹುದಿತ್ತು.

ಎಚ್ಚರಿಕೆಯಲ್ಲಿ ನನ್ನ ಕಣ್ಣು ನಿಂತದ್ದು ಇನ್ನೊಂದು ವಾಕ್ಯದ ಮೇಲೆ. ನಿಮ್ಮ ಆ್ಯಪ್‌ನಲ್ಲಿ ಒಂದೇ ಒಂದು ಸರ್ವರ್ ಫಂಕ್ಷನ್, ಅಂದರೆ 'ಯೂಸ್ ಸರ್ವರ್' ಸಾಲಿನ ಫಂಕ್ಷನ್, ಬರೆಯದಿದ್ದರೂ, ಸರ್ವರ್ ಕಾಂಪೊನೆಂಟ್ ವ್ಯವಸ್ಥೆ ಅದರಲ್ಲಿದ್ದರೆ ಅಪಾಯ ಇರಬಹುದು ಎಂದು ರಿಯಾಕ್ಟ್ ತಂಡ ಬರೆದಿತ್ತು. ನೆಕ್ಸ್ಟ್.ಜೆಎಸ್‌ನಲ್ಲಿ ಹೊಸ ತಾಣ ಶುರುಮಾಡಿ, ಒಂದು ಸಾಲೂ ಬದಲಿಸದೆ ಹಾಗೇ ಸರ್ವರ್‌ಗೆ ಏರಿಸಿದರೂ ದಾಳಿ ಸಾಧ್ಯವಿತ್ತು. ಡೆವಲಪರ್ ಬಾಗಿಲನ್ನು ತೆರೆದಿಟ್ಟಿರಲಿಲ್ಲ. ಬಾಗಿಲೊಂದು ಇದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ರಿಯಾಕ್ಟನ್ನು ಹಳೆಯ ರೀತಿಯಲ್ಲಿ, ಬ್ರೌಸರ್‌ನಲ್ಲಿ ಮಾತ್ರ ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ. ಹಿಂದುಳಿದವರು ಎಂದು ಅನ್ನಿಸಿಕೊಂಡಿದ್ದ ಅವರು ಆ ವಾರ ಸಮಾಧಾನವಾಗಿ ಮಲಗಿರಬೇಕು.

ಉಳಿದವರಿಗೆ ನಿದ್ದೆಯಿಲ್ಲ. ವಿಷಯ ಬಹಿರಂಗವಾದ ಕೆಲವೇ ಗಂಟೆಗಳಲ್ಲಿ ಚೀನಾದೊಂದಿಗೆ ನಂಟಿರುವ ಗುಂಪುಗಳು ದಾಳಿ ಶುರುಮಾಡಿದ್ದನ್ನು ಅಮೆಜಾನ್‌ನ ಭದ್ರತಾ ತಂಡ ಗಮನಿಸಿತು. ಮೊದಲ ದಿನ ಹರಿದಾಡಿದ ದಾಳಿಯ ಮಾದರಿಗಳಲ್ಲಿ ಎಷ್ಟೋ ಕೆಲಸಕ್ಕೆ ಬಾರದವು. ದಾಳಿಕೋರರು ಅವನ್ನೂ ಬಿಡದೆ ಪ್ರಯೋಗಿಸಿ ನೋಡಿದರು. ನಿಜವಾದ ಮಾದರಿ ಬರಲು ತಡವಾಗಲಿಲ್ಲ. ಡಿಸೆಂಬರ್ 5ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಇದನ್ನು ದಾಳಿಗೆ ಬಳಕೆಯಾಗುತ್ತಿರುವ ರಂಧ್ರಗಳ ಪಟ್ಟಿಗೆ ಸೇರಿಸಿತು.

ಅದೇ ದಿನ ಕ್ಲೌಡ್‌ಫ್ಲೇರ್ ಎಡವಿದ್ದು. ತಿದ್ದುಪಡಿ ಹಾಕಿಕೊಳ್ಳದ ಗ್ರಾಹಕರನ್ನೂ ರಕ್ಷಿಸಲು ಅದು ಬರುವ ಮನವಿಗಳನ್ನು ಒಳಗೆ ಬಿಡುವ ಮೊದಲೇ ಓದಿ ತಡೆಯುತ್ತಿತ್ತು. ನೆಕ್ಸ್ಟ್.ಜೆಎಸ್ 1 ಎಂಬಿ ಗಾತ್ರದ ಮನವಿಯವರೆಗೂ ಒಪ್ಪಿಕೊಳ್ಳುತ್ತದೆ. ಕ್ಲೌಡ್‌ಫ್ಲೇರ್ ಓದುತ್ತಿದ್ದದ್ದು ಮೊದಲ 128 ಕೆಬಿ ಮಾತ್ರ. ಮಿತಿಯನ್ನು 1 ಎಂಬಿಗೆ ಏರಿಸಲು ಹೊರಟರು. ಒಳಗಿನ ಪರೀಕ್ಷೆಯ ಸಾಧನವೊಂದು ಅಷ್ಟು ಗಾತ್ರ ತಾಳುವುದಿಲ್ಲ ಎಂದು ಗೊತ್ತಾಗಿ, ಅದರಿಂದ ಗ್ರಾಹಕರಿಗೇನೂ ತೊಂದರೆಯಿಲ್ಲವೆಂದು ಅದನ್ನು ನಿಲ್ಲಿಸಿದರು. ಆ ನಿಲ್ಲಿಸುವ ಆದೇಶ ಹಂತ ಹಂತವಾಗಿ ಹೋಗದೆ ಜಗತ್ತಿನ ಎಲ್ಲ ಸರ್ವರ್‌ಗಳಿಗೂ ಕ್ಷಣಮಾತ್ರದಲ್ಲಿ ಹೋಗುವಂಥದ್ದು. ಹಳೆಯ ಲುವಾ ಭಾಷೆಯ ಕೋಡಿನಲ್ಲಿ ವರ್ಷಗಳಿಂದ ಅಡಗಿದ್ದ ಒಂದು ತಪ್ಪು ಆಗ ತಲೆಯೆತ್ತಿತು: ಇಲ್ಲದ ವಸ್ತುವಿನೊಳಗೆ ಇಣುಕಲು ಹೋಗಿ ಕೋಡ್ ಬಿದ್ದುಹೋಯಿತು. ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದಿದ್ದ ಭಾಗಕ್ಕೆ ಏನೂ ಆಗಲಿಲ್ಲ. ಹುಡುಗರು ಹಳೆಯ ಕೋಡನ್ನು ಹೊಸ ಭಾಷೆಯಲ್ಲಿ ಬರೆಯೋಣ ಎಂದಾಗಲೆಲ್ಲ ಹಣ ದಂಡ ಎನ್ನುವ ಮ್ಯಾನೇಜರ್‌ಗಳಿಗೆ ಇದನ್ನು ಓದಿಸಬೇಕು.

ಈ ಗಲಾಟೆಯ ನಡುವೆ ಹೆಚ್ಚು ಚರ್ಚೆಯಾಗದೆ ಹೋದದ್ದು ರಿಯಾಕ್ಟ್‌ನ ಒಡೆತನದ ಬದಲಾವಣೆ. ಕಂಪೈಲರ್ ಬಂದ ದಿನವೇ, ಅಂದರೆ ಅಕ್ಟೋಬರ್ 7ರಂದು, ರಿಯಾಕ್ಟ್ ಮತ್ತು ರಿಯಾಕ್ಟ್ ನೇಟಿವ್ ಎರಡನ್ನೂ ಲಿನಕ್ಸ್ ಫೌಂಡೇಶನ್ ಆಶ್ರಯದ ರಿಯಾಕ್ಟ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ ಮೆಟಾ ಘೋಷಿಸಿತು. ಅಮೆಜಾನ್, ಮೈಕ್ರೊಸಾಫ್ಟ್, ವರ್ಸೆಲ್, ಎಕ್ಸ್‌ಪೊ, ಕಾಲ್‌ಸ್ಟ್ಯಾಕ್, ಸಾಫ್ಟ್‌ವೇರ್ ಮ್ಯಾನ್ಶನ್ ಮತ್ತು ಮೆಟಾ ಸ್ಥಾಪಕ ಸದಸ್ಯರು. ಮೆಟಾ ಐದು ವರ್ಷದ ಬೆಂಬಲಕ್ಕೆ ಒಪ್ಪಿ 30 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೊಡುವುದಾಗಿ ಹೇಳಿತು. ಒಂದೇ ಕಂಪನಿಯ ಕೈಯಲ್ಲಿದ್ದರೆ ಏನಾಗುತ್ತದೆ ಎಂಬ ಆತಂಕ ಹಳೆಯದು. 2017ರಲ್ಲಿ ರಿಯಾಕ್ಟ್‌ನ ಪರವಾನಗಿಯಲ್ಲಿದ್ದ ಪೇಟೆಂಟ್ ಷರತ್ತಿಗೆ ಅಪಾಚೆ ಫೌಂಡೇಶನ್ ಆಕ್ಷೇಪಿಸಿತು. ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ ಮ್ಯಾಟ್ ಮುಲನ್‌ವೆಗ್ ರಿಯಾಕ್ಟನ್ನೇ ಬಿಡುತ್ತೇವೆ ಎಂದರು. ಸುಮಾರು ಒಂದು ವಾರದಲ್ಲಿ ಫೇಸ್‌ಬುಕ್ ಪರವಾನಗಿ ಬದಲಿಸಿತು. ಈಚಿನ ವರ್ಷಗಳಲ್ಲಿ ಗುಮಾನಿ ವರ್ಸೆಲ್ ಕಡೆ ತಿರುಗಿದೆ. ರಿಯಾಕ್ಟ್ ತಂಡದ ಪ್ರಮುಖರು ಕೆಲವರು ಅಲ್ಲಿ ಉದ್ಯೋಗದಲ್ಲಿದ್ದಾರೆ. ಸರ್ವರ್ ಬಾಡಿಗೆಗೆ ಕೊಟ್ಟು ಬದುಕುವ ಕಂಪನಿಗೆ ರಿಯಾಕ್ಟ್ ಸರ್ವರ್ ಕಡೆ ವಾಲುವುದರಿಂದ ಲಾಭ ಎಂಬ ಮಾತು ಕೇಳಿಬರುತ್ತದೆ. ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ ಎಂದು ನನ್ನ ಅಂದಾಜು. ಸರ್ವರ್ ಕಾಂಪೊನೆಂಟ್‌ನ ಯೋಚನೆ ಮೊಳೆತದ್ದು ಫೇಸ್‌ಬುಕ್‌ನೊಳಗೇ. ತಾಂತ್ರಿಕ ನಿರ್ಧಾರಗಳು ಫೌಂಡೇಶನ್ನಿನ ಮಂಡಳಿಯಿಂದ ಪ್ರತ್ಯೇಕವಾಗಿರುತ್ತವೆ, ಕೋಡ್ ಬರೆಯುವವರು ಮತ್ತು ನಿರ್ವಹಿಸುವವರೇ ಅವನ್ನು ತೆಗೆದುಕೊಳ್ಳುತ್ತಾರೆ ಎಂದು ಘೋಷಣೆಯಲ್ಲಿದೆ.

ರಿಯಾಕ್ಟ್ ಸರ್ವರ್ ಬಿಟ್ಟು ಹಿಂದೆ ಬರುತ್ತದೆ ಎಂದು ಯಾರೂ ಎಣಿಸಿಲ್ಲ, ಬರಬೇಕಾಗಿಯೂ ಇಲ್ಲ. ಅಗ್ಗದ ಫೋನಿಗೆ ಕಡಿಮೆ ಕೋಡ್ ಕಳಿಸುವ ಗುರಿ ನಮ್ಮಂಥ ದೇಶಕ್ಕೆ ಬೇಕಾದದ್ದೇ. ನನ್ನ ತಕರಾರು ಗೆರೆ ದಾಟಿದ್ದಕ್ಕಲ್ಲ, ದಾಟಿದ ಮೇಲೆ ಅದನ್ನು ಅಳಿಸಿಹಾಕಿದ್ದಕ್ಕೆ. ಕಂಪೈಲರ್ ನನ್ನ ಕೆಲಸವನ್ನು ನನ್ನಿಂದ ಮರೆಮಾಡಿದರೆ ಸಂತೋಷ. ಸರ್ವರ್ ಫಂಕ್ಷನ್ ಮರೆಮಾಡಿದ್ದು ಹೊರಗೆ ನಿಂತಿರುವ ಅಪರಿಚಿತನನ್ನು. 'ಯೂಸ್ ಸರ್ವರ್' ಎಂಬ ಸಾಲು ಕಂಡ ಕಡೆಯೆಲ್ಲ ಇದು ಊರಿಗೆಲ್ಲ ತೆರೆದಿಟ್ಟ ವಿಳಾಸ ಎಂದು ಓದಿಕೊಳ್ಳುವ ಅಭ್ಯಾಸ ಡೆವಲಪರ್‌ಗಳಿಗೆ ಬರಬೇಕು. ಅದಕ್ಕಿಂತ ಮೊದಲು ಸಲಕರಣೆಗಳು ಆ ಮಾತನ್ನು ಎದ್ದು ಕಾಣುವಂತೆ ಹೇಳಬೇಕು: ಕೇಳದೆ ಬಾಗಿಲು ಇಡಕೂಡದು, ಇಟ್ಟರೆ ಎಷ್ಟು ಇಟ್ಟಿದ್ದೇನೆ ಎಂದು ಪಟ್ಟಿ ಕೊಡಬೇಕು.

ಡಿಸೆಂಬರ್ 3ರ ತಿದ್ದುಪಡಿಯೂ ಕೊನೆಯದಾಗಲಿಲ್ಲ. ಎಲ್ಲರ ಕಣ್ಣೂ ಫ್ಲೈಟ್‌ನ ಮೇಲೆ ಬಿದ್ದಿದ್ದರಿಂದ ಅಕ್ಕಪಕ್ಕದ ಹುಳುಕುಗಳೂ ಹೊರಬಂದವು. ಡಿಸೆಂಬರ್ 11ರಂದು ಇನ್ನೆರಡನ್ನು ಪ್ರಕಟಿಸಿದರು: ಒಂದು ಸರ್ವರನ್ನು ಸ್ತಬ್ಧಗೊಳಿಸುವಂಥದ್ದು, ಇನ್ನೊಂದು ಸರ್ವರ್ ಫಂಕ್ಷನ್‌ನ ಕೋಡನ್ನೇ ಹೊರಗೆ ಕಕ್ಕಿಸುವಂಥದ್ದು. ಮೊದಲನೆಯದಕ್ಕೆ ಹಾಕಿದ ತೇಪೆ ಪೂರ್ತಿ ಮುಚ್ಚಿಲ್ಲವೆಂದು ಗೊತ್ತಾಗಿ ಮತ್ತೊಂದು ತೇಪೆ ಬಂತು. 19.2.1 ಹಾಕಿಕೊಂಡು ಕೈತೊಳೆದುಕೊಂಡವರು 19.2.3ಕ್ಕೆ ಏರಬೇಕಾಯಿತು. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ತಂಡಗಳಿವೆ. ಜಿಲ್ಲಾ ಕೇಂದ್ರದ ಕಾಲೇಜಿಗೋ ಸಹಕಾರ ಸಂಘಕ್ಕೋ ಗುತ್ತಿಗೆಯಲ್ಲಿ ತಾಣ ಕಟ್ಟಿಕೊಟ್ಟು, ಬಿಲ್ಲು ಪಾಸಾದ ಮೇಲೆ ಬೇರೆ ಊರಿಗೆ ಹೋದ ಹುಡುಗರ ಕೆಲಸವನ್ನು ಯಾರು ನೋಡಿಕೊಳ್ಳಬೇಕು ಎಂಬುದು ಗುತ್ತಿಗೆಯ ಕಾಗದದಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅಂಥ ತಾಣ ನೆಕ್ಸ್ಟ್.ಜೆಎಸ್‌ನ 15 ಅಥವಾ 16ನೇ ಸರಣಿಯಲ್ಲಿದ್ದರೆ, ಅದರಲ್ಲಿರುವ ನಿಖರ ಆವೃತ್ತಿ ಯಾವುದು, ಡಿಸೆಂಬರ್‌ನ ತಿದ್ದುಪಡಿಗಳ ನಂತರ ಬದಲಿಸಿದ್ದಾರೆಯೇ ಎಂದು ಕಟ್ಟಿಕೊಟ್ಟವರಿಗೆ ಒಂದು ಫೋನು ಹಚ್ಚಿ ಕೇಳುವುದು ಒಳ್ಳೆಯದು.